ಹೃದಯಕ್ಕೆ ಹೊತ್ತು ಗಳಿಸಿಕೊಡುವ ರಿಸೆಪ್ಟರ್

ಕೇಳುಗರಿಗೆಲ್ಲ ನಮಸ್ಕಾರ.

ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಆದರೆ ಕಟ್ಟಿದ ಕ್ಷಣವೇ ಹೃದಯದ ಸ್ನಾಯು ಸಾಯುವುದಿಲ್ಲ. ಸುಮಾರು 20 ನಿಮಿಷದ ಮೇಲೆ ಒಳಪದರದಲ್ಲಿ ಸಾವು ಶುರುವಾಗಿ, ಗಂಟೆಗಳು ಕಳೆದಂತೆ ಹೊರಪದರಕ್ಕೆ ಹಬ್ಬುತ್ತದೆ. ಈ ಹಬ್ಬುವಿಕೆಗೆ ತಡೆಯೊಡ್ಡುವ ಏರ್ಪಾಡು ಜೀವಕೋಶದ ಪೊರೆಯಲ್ಲೇ ಇದೆ. ಅದೇ ರಿಸೆಪ್ಟರ್, ಹೊರಗಿನ ಸುದ್ದಿಯನ್ನು ಜೀವಕೋಶದೊಳಗೆ ಮುಟ್ಟಿಸುವ ಪ್ರೋಟೀನ್. ಮನೆಬಾಗಿಲಿನ ಕರೆಗಂಟೆ ಇದ್ದ ಹಾಗೆ: ಒತ್ತುವವರು ಹೊರಗೆ, ಎಚ್ಚರವಾಗುವವರು ಒಳಗೆ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ರಿಸೆಪ್ಟರ್ ಹೊತ್ತು ಗಳಿಸಿಕೊಡುತ್ತದೆ, ಕಟ್ಟಿದ ನಾಳವನ್ನು ಬಿಡಿಸುವುದಿಲ್ಲ.

ಇದು ಗೊತ್ತಾದ ಬಗೆ ಬಲು ಸೊಗಸು. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮರ್ರಿ, ರಾಬರ್ಟ್ ಜೆನ್ನಿಂಗ್ಸ್, ಕೀತ್ ರೀಮರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವು ನಾಯಿಗಳಲ್ಲಿ ಹೃದಯದ ಒಂದು ರಕ್ತನಾಳವನ್ನು ನೇರವಾಗಿ 40 ನಿಮಿಷ ಮುಚ್ಚಿದರು. ಉಳಿದವುಗಳಲ್ಲಿ ಮೊದಲು 5 ನಿಮಿಷ ಮುಚ್ಚಿ, 5 ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿ, ಆಮೇಲೆ ಅದೇ 40 ನಿಮಿಷ ಮುಚ್ಚಿದರು. ಲೆಕ್ಕಕ್ಕೆ ನೋಡಿದರೆ ಎರಡನೇ ಗುಂಪಿನ ಹೃದಯಕ್ಕೆ ರಕ್ತ ತಪ್ಪಿದ್ದೇ ಹೆಚ್ಚು, ಒಟ್ಟು 60 ನಿಮಿಷ. ಹಾನಿಯೂ ಹೆಚ್ಚಿರಬೇಕಲ್ಲವೇ? ನಾಲ್ಕು ದಿನದ ಮೇಲೆ ಹೃದಯ ಸೀಳಿ ನೋಡಿದರೆ, ನೇರವಾಗಿ ಮುಚ್ಚಿದ ಗುಂಪಿನಲ್ಲಿ ಅಪಾಯಕ್ಕೊಳಗಾದ ಸ್ನಾಯುವಿನ ಶೇ. 29ರಷ್ಟು ಸತ್ತಿತ್ತು, ಎರಡನೇ ಗುಂಪಿನಲ್ಲಿ ಬರೀ ಶೇ. 7. ಕಾಲು ಭಾಗ!

ಅದೇ ಪ್ರಯೋಗದ ಇನ್ನೊಂದು ತುದಿ ಇದೆ, ದಯವಿಟ್ಟು ಅದನ್ನೂ ಕೇಳಿ. 40 ನಿಮಿಷದ ಬದಲು 3 ಗಂಟೆ ಮುಚ್ಚಿಟ್ಟಾಗ ಆ ರಕ್ಷಣೆ ಕಾಣಲೇ ಇಲ್ಲ. ಹೊತ್ತು ಸಿಕ್ಕಿತ್ತು, ನಾಳ ತೆರೆಯದೆ ಆ ಹೊತ್ತೂ ಮುಗಿದುಹೋಯಿತು.

ರಕ್ಷಣೆ ಎಲ್ಲಿಂದ ಬಂತು ಅನ್ನುವುದಕ್ಕೆ 1991ರಲ್ಲಿ ದಕ್ಷಿಣ ಅಲಬಾಮಾ ವಿಶ್ವವಿದ್ಯಾಲಯದ ಜೇಮ್ಸ್ ಡೌನಿ ತಂಡ ಉತ್ತರ ಕೊಟ್ಟಿತು. ಆಮ್ಲಜನಕ ತಪ್ಪಿದ ಜೀವಕೋಶದಲ್ಲಿ ಎಟಿಪಿ, ಅಂದರೆ ಅದರ ಇಂಧನ, ಒಡೆಯುತ್ತಾ ಹೋಗಿ ಅಡಿನೋಸಿನ್ ಆಗುತ್ತದೆ. ಅದು ಹೊರಗೆ ಸೋರಿ, ಅದೇ ಜೀವಕೋಶದ ಪೊರೆಯ ಮೇಲಿರುವ ಎ1 ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಮೊಲಗಳಲ್ಲಿ ಅಡಿನೋಸಿನ್ ರಿಸೆಪ್ಟರ್‌ಗಳಿಗೆ ಔಷಧಿಯಿಂದ ತಡೆಹಾಕಿದಾಗ ರಕ್ಷಣೆ ಮಾಯವಾಯಿತು. ನಾಳ ಮುಚ್ಚದೆ, ಮೊದಲೇ ಅಡಿನೋಸಿನ್ ಕೊಟ್ಟರೂ ರಕ್ಷಣೆ ಬಂತು. ಬ್ರಾಡಿಕೈನಿನ್, ಓಪಿಯಾಯ್ಡ್ ಎಂಬ ದೇಹದ ಬೇರೆ ರಾಸಾಯನಿಕಗಳಿಗೆ ಓಗೊಡುವ ರಿಸೆಪ್ಟರ್‌ಗಳೂ ಇದೇ ಕೆಲಸಕ್ಕೆ ಕೈಜೋಡಿಸುತ್ತವೆ.

ಒಳಗೆ ನಡೆಯುವುದು ಹೀಗೆ. ಸುದ್ದಿ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವದ ಮೂಲಕ, ಜೀವಕೋಶದಲ್ಲಿ ಎಟಿಪಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಕ್ಕೆ ಮುಟ್ಟುತ್ತದೆ. ಕಟ್ಟಿದ ನಾಳ ತೆರೆದು ರಕ್ತ ಮರಳಿದ ಮೊದಲ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ಜೀವಕೋಶದೊಳಗೆ ಕ್ಯಾಲ್ಸಿಯಂ ವಿಪರೀತ ಏರುತ್ತದೆ, ಮೈಟೋಕಾಂಡ್ರಿಯದ ಪೊರೆಯಲ್ಲಿ ದೊಡ್ಡ ರಂಧ್ರವೊಂದು ತೆರೆಯುತ್ತದೆ, ಎಟಿಪಿ ತಯಾರಿಕೆ ನಿಲ್ಲುತ್ತದೆ, ಜೀವಕೋಶ ಸಾಯುತ್ತದೆ. ರಿಸೆಪ್ಟರ್ ಕಳಿಸಿದ ಸುದ್ದಿ ಆ ರಂಧ್ರ ತೆರೆಯದಂತೆ ಹಿಡಿದಿಡುತ್ತದೆ. ಈ ರಕ್ಷಣೆ ಒಂದೆರಡು ಗಂಟೆ ಇದ್ದು ಕರಗುತ್ತದೆ. ಸುಮಾರು ಒಂದು ದಿನದ ಮೇಲೆ ಇನ್ನೊಮ್ಮೆ, ಸ್ವಲ್ಪ ಬಲಗುಂದಿ, ಮರಳುತ್ತದೆ.

ತೋಳಿನ ರಕ್ತವನ್ನು ಹೀಗೆ ತಡೆದು ಬಿಟ್ಟರೂ ಹೃದಯಕ್ಕೆ ಇದೇ ರಕ್ಷಣೆ ಸಿಗಬಹುದು ಎಂಬ ಯೋಚನೆಯಿದೆ. ಹಾಗಾದರೆ ಮನೆಯಲ್ಲೇ ತೋಳಿಗೆ ಬಿಪಿ ಪಟ್ಟಿ ಕಟ್ಟಿ, 5 ನಿಮಿಷ ಬಿಗಿದು 5 ನಿಮಿಷ ಸಡಿಲಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಬೇಡ. ಬ್ರಿಟನ್, ಡೆನ್ಮಾರ್ಕ್, ಸ್ಪೇನ್, ಸರ್ಬಿಯಾದಲ್ಲಿ ಹೃದಯಾಘಾತವಾದ 5,000ಕ್ಕೂ ಹೆಚ್ಚು ಜನರಲ್ಲಿ ಆಸ್ಪತ್ರೆಯವರೇ ಇದನ್ನು ಮಾಡಿ ನೋಡಿದರು. 2019ರಲ್ಲಿ ಫಲಿತಾಂಶ ಬಂತು: ಸಾವೂ ಕಡಿಮೆಯಾಗಲಿಲ್ಲ, ಹೃದಯ ವೈಫಲ್ಯವೂ ಕಡಿಮೆಯಾಗಲಿಲ್ಲ. ಮತ್ತೆ ಅದೇ ಮಾತು: ರಿಸೆಪ್ಟರ್ ಹೊತ್ತು ಕೊಡುತ್ತದೆ, ನಾಳ ತೆರೆಯುವುದಿಲ್ಲ.

ಆ ಹೊತ್ತನ್ನು ನಾವು ಹೇಗೆ ಕಳೆಯುತ್ತೇವೆ? "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗುತ್ತೇವೆ! ಎದೆ ಬಿಗಿತ, ಬೆವರು, ಎಡತೋಳಿಗೋ ದವಡೆಗೋ ಹಬ್ಬುವ ನೋವು ಇದ್ದರೆ 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ ರಕ್ತನಾಳದೊಳಕ್ಕೆ. ಇದರಿಂದ ರಕ್ತಸ್ರಾವ ಆಗಬಹುದಾದ್ದರಿಂದ, ರೋಗಿಗೆ ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತೇ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಜೊತೆಗೆ ಹೋದವರು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ಮಾತ್ರೆಯ ಚೀಟಿ ಕೈಯಲ್ಲಿರಲಿ. ನಮಸ್ಕಾರ.