ವಾರ್ತೆ ಓದುವವರ ಕಿವಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಸಕಲೇಶಪುರದ ಕಡೆಯವರು ಟಿವಿ ವಾರ್ತೆಯಲ್ಲಿ ಮೊದಲು ಹುಡುಕುವುದು ಒಂದೇ ಸಂಗತಿಯನ್ನು: ಶಿರಾಡಿ ಘಾಟಿ ತೆರೆದಿದೆಯೇ, ಮುಚ್ಚಿದೆಯೇ? 2024ರ ಜುಲೈ ತಿಂಗಳಲ್ಲಿ ದೊಡ್ಡತಪ್ಪಲೆಯ ಬಳಿ ಹೆದ್ದಾರಿಗೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಬೇಕಾದವರು, ಆ ಕಡೆ ಓದುತ್ತಿರುವ ಮಕ್ಕಳ ದಾರಿ ಕಾಯುವವರು ಅಂಥ ಹೊತ್ತಿನಲ್ಲಿ ಟಿವಿ ಮುಂದೆಯೇ ಕುಳಿತಿರುತ್ತಾರೆ. ನಿರೂಪಕರು 'ಎಂಥ ಭೀಕರ ದೃಶ್ಯ' ಎಂದು ಹತ್ತು ಸಲ ಕೂಗಿದರೆ ಅವರಿಗೇನು ಸಿಕ್ಕಿತು? ಸ್ಥಳದಲ್ಲಿರುವ ವರದಿಗಾರರನ್ನು 'ಸಣ್ಣ ವಾಹನಗಳನ್ನು ಬಿಡುತ್ತಿದ್ದಾರೆಯೇ? ಚಾರ್ಮಾಡಿಯ ಮೇಲೆ ಹೋಗಬಹುದೇ? ರಾತ್ರಿ ಸಂಚಾರ ಉಂಟೇ?' ಎಂದು ಕೇಳಿದರೆ ಮಾತ್ರ ಹೊರಡುವವರಿಗೆ ದಾರಿ ತಿಳಿಯುತ್ತದೆ. ಒಳ್ಳೆಯ ನಿರೂಪಕರಿಗೆ ಬಾಯಿಗಿಂತ ಕಿವಿ ಚುರುಕಾಗಿರಬೇಕು. ಇದು ನನ್ನ ಗಟ್ಟಿ ನಂಬಿಕೆ.

ಸ್ಟುಡಿಯೋದ ಒಳಗೆ ನಡೆಯುವುದನ್ನು ನೋಡಿ. ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು. ಅದರ ಕೆಳಗಿನ ಪರದೆಯಲ್ಲಿ ಅಕ್ಷರಗಳು ತಿರುಗುಮುರುಗಾಗಿ ಮೂಡಿ, ಗಾಜಿನಲ್ಲಿ ನೆಟ್ಟಗೆ ಕಾಣುತ್ತಾ ಮೇಲಕ್ಕೆ ಸರಿಯುತ್ತವೆ. ಅದೇ ಗಾಜಿನ ಹಿಂದೆ ಲೆನ್ಸ್ ಇರುವುದರಿಂದ ನಿರೂಪಕರು ನಮ್ಮನ್ನೇ ನೋಡಿ ಮಾತನಾಡುತ್ತಿದ್ದಾರೆ ಎನ್ನಿಸುತ್ತದೆ. ಈ ನಡುವೆ ಕಿವಿಯೊಳಗಿನ ಪುಟ್ಟ ಇಯರ್‌ಫೋನಿನಲ್ಲಿ ಕಂಟ್ರೋಲ್ ರೂಮಿನವರ ದನಿ: 'ವರದಿಗಾರರ ಫೋನ್ ಕಡಿದುಹೋಯಿತು, ಮಾತನ್ನು ಸ್ವಲ್ಪ ಎಳೆಯಿರಿ.' ಓದುತ್ತಲೇ ಅದನ್ನು ಕೇಳಿಸಿಕೊಳ್ಳಬೇಕು, ಮುಖದಲ್ಲಿ ಅದರ ಸುಳಿವೂ ಕಾಣಬಾರದು. ಹೀಗೆ ಎಳೆಯಬೇಕಾಗಿ ಬಂದಾಗಲೇ ಓದಿಕೊಂಡವರು ಯಾರು, ಬರೀ ಪರದೆ ನಂಬಿದವರು ಯಾರು ಎಂಬುದು ಬಯಲಾಗುತ್ತದೆ.

ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾಯಿತು. 1965ರಲ್ಲಿ ದಿನವೂ ವಾರ್ತೆ ಬರತೊಡಗಿದಾಗ ಅದನ್ನು ಓದಿದವರು ಪ್ರತಿಮಾ ಪುರಿ. ಅವರು ಬಂದದ್ದು ಶಿಮ್ಲಾದ ಆಕಾಶವಾಣಿಯಿಂದ ಎಂಬುದನ್ನು ಬಾನುಲಿಯಲ್ಲಿ ಹೇಳಲು ನನಗೆ ತುಂಬ ಸಂತೋಷ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ದೂರದರ್ಶನದಲ್ಲಿ ಓದಿದವರು ಸಲ್ಮಾ ಸುಲ್ತಾನ್. ಇಡೀ ದೇಶ ತತ್ತರಿಸಿದ್ದ ದಿನ ಅಂಥ ಸುದ್ದಿಯನ್ನು ದನಿ ಏರಿಸದೆ ಓದುವುದು ಎಷ್ಟು ಕಷ್ಟದ ಕೆಲಸ! ಅಳು ಬಂದರೂ ನುಂಗಿಕೊಳ್ಳಬೇಕು, ಹೆಸರು ತಪ್ಪಬಾರದು, ಖಚಿತವಾಗದ ಮಾತು ಒಂದೂ ಹೊರಬೀಳಬಾರದು.

ನಮ್ಮ ಕಡೆಯವರನ್ನು ನೆನೆಯುವುದಾದರೆ ಅಪರ್ಣಾ ಅವರನ್ನು ಬಿಟ್ಟು ಮಾತಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಪಂಚನಹಳ್ಳಿಯವರು. ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಬೆಳಕಿಗೆ ಬಂದರೂ ಕನ್ನಡಿಗರು ಅವರನ್ನು ಮನೆಯ ಮಗಳೆಂದುಕೊಂಡದ್ದು ದೂರದರ್ಶನದ ಮತ್ತು ಬಾನುಲಿಯ ನಿರೂಪಣೆಯಿಂದ. ವಾರ್ತೆಗಿಂತ ಕಾರ್ಯಕ್ರಮಗಳ ನಿರೂಪಣೆಯೇ ಅವರ ಕ್ಷೇತ್ರವಾದರೂ, ವಾರ್ತೆ ಓದಲು ಹೊರಟವರು ಅವರಿಂದ ಕಲಿಯಬೇಕಾದದ್ದು ಬಹಳ. ಅಲ್ಪಪ್ರಾಣ, ಮಹಾಪ್ರಾಣ ಕಲಸುಮೇಲೋಗರವಾಗದ ಉಚ್ಚಾರ; ಆತುರವಿಲ್ಲದ ವೇಗ. ಬೆಂಗಳೂರಿನ ಮೆಟ್ರೋದಲ್ಲಿ ಮುಂದಿನ ನಿಲ್ದಾಣವನ್ನು ಹೇಳಿದ ಕನ್ನಡ ದನಿ ಅವರದೇ. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಅವರನ್ನು ಎಂದೂ ಎದುರಿಗೆ ಕಾಣದವರೂ ಕಣ್ಣೀರು ಹಾಕಿದರು.

ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುತ್ತಿರುವ ಮಕ್ಕಳೇ, ಕ್ಯಾಮೆರಾದ ಮುಂದೆ ಕೂರುವ ಆಸೆ ಇದ್ದರೆ ಮೊದಲು ಸುದ್ದಿ ಬರೆಯುವ ಡೆಸ್ಕಿನಲ್ಲಿ ಕೆಲಸ ಮಾಡಿ. ರಾತ್ರಿ ಪಾಳಿಗೆ ಹಿಂಜರಿಯಬೇಡಿ. ದಿನವೂ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮನೆಯ ಹಿರಿಯರಿಗೆ ಕೇಳಿಸಿ. ಬರೀ ಒಮ್ಮೆ ಕೇಳಿದ ಅಜ್ಜಿಗೆ ಏನು ನಡೆಯಿತು, ಎಲ್ಲಿ ನಡೆಯಿತು ಎಂದು ಹೇಳಲು ಬಂದರೆ ನೀವು ಸರಿಯಾಗಿ ಓದಿದ್ದೀರಿ. ಬಾರದಿದ್ದರೆ ವಾಕ್ಯ ಚಿಕ್ಕದು ಮಾಡಿಕೊಂಡು ಮತ್ತೆ ಓದಿ.

ನಮಸ್ಕಾರ.