ಕುವೆಂಪುಗೆ ಬುದ್ಧಿ ಹೇಳಿದ ಐರಿಷ್ ಕವಿ, ಮತ್ತು ಐರ್ಲೆಂಡಿನಲ್ಲಿ ನಿಮ್ಮ ಪಿಎಚ್‌ಡಿ

(ಪರದೆಯಲ್ಲಿ: ಮೈಸೂರು, 1924)

ಇನ್ನೂ ಇಪ್ಪತ್ತು ತುಂಬದ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಒಬ್ಬ ಐರಿಷ್ ಕವಿಯ ಹತ್ತಿರ ಹೋಗುತ್ತಾನೆ. ಕವಿ ನೋಡಿ, ನಿನ್ನ ಭಾಷೆಯಲ್ಲೇ ಬರೆ ಎನ್ನುತ್ತಾರೆ. ಹುಡುಗ ಕುವೆಂಪು. ಕವಿ ಜೇಮ್ಸ್ ಕಸಿನ್ಸ್. ಈ ಕಥೆ ನಮಗೆಲ್ಲ ಗೊತ್ತು, ಅಲ್ವಾ? ಆದರೆ ಈ ಕಸಿನ್ಸ್ ಯಾರು?

1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಆಮೇಲೆ ಡಬ್ಲಿನ್‌ಗೆ ಬಂದು ಐರಿಷ್ ಕವಿ ಯೇಟ್ಸ್ ಕಾಲದ ಸಾಹಿತ್ಯ ಚಳವಳಿಯೊಳಗೆ ಸೇರಿಕೊಂಡರು. 1902ರಲ್ಲಿ ಅವರ ನಾಟಕಗಳು ಅಲ್ಲಿ ರಂಗಕ್ಕೆ ಬಂದವು. ಡಬ್ಲಿನ್‌ನ ಹೆಸರಾಂತ ನಾಟಕಶಾಲೆ ಅಬ್ಬಿ ಥಿಯೇಟರ್ ಬಾಗಿಲು ತೆರೆದದ್ದೇ ಅದಾದ ಮೇಲೆ, 1904ರಲ್ಲಿ. 1915ರಲ್ಲಿ ಕಸಿನ್ಸ್ ಮದ್ರಾಸಿಗೆ ಬಂದರು.

ಸ್ವಾರಸ್ಯ ಇರುವುದು ಇಲ್ಲಿ. ಅವರ ನಾಡು ಐರ್ಲೆಂಡ್ ತನ್ನ ಐರಿಷ್ ಭಾಷೆಯನ್ನು ಬಹುಪಾಲು ಕಳೆದುಕೊಂಡಿತ್ತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರಗಾಲ ಬಂತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ಹೋದರು. ಜಾಸ್ತಿ ಪೆಟ್ಟು ಬಿದ್ದದ್ದು ಐರಿಷ್ ಮಾತಾಡುತ್ತಿದ್ದ ಬಡವರಿಗೆ. ಅಳಿದುಳಿದ ಭಾಷೆಯನ್ನು ಕಾಪಾಡಲು 1893ರಲ್ಲಿ ಗೇಲಿಕ್ ಲೀಗ್ ಹುಟ್ಟಿತು. ಕಸಿನ್ಸ್ ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ! ಅಂಥವರು ನಮ್ಮ ಹುಡುಗನಿಗೆ ಹಾಗೇಕೆ ಹೇಳಿದರು? ಆ ಮಾತಿನ ಬೇರು ಡಬ್ಲಿನ್‌ನ ಭಾಷಾ ಜಗಳದಲ್ಲಿದೆಯೋ, ಮದ್ರಾಸಿನಲ್ಲಿ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಗೆಳೆಯರ ನಡುವೆ ಇದೆಯೋ?

ಪಿಎಚ್‌ಡಿ ಪ್ರಶ್ನೆ ಅಂದರೆ ಇದು. "ಐರಿಷ್ ಸಾಹಿತ್ಯ ಮತ್ತು ಭಾರತ" ಅನ್ನುವುದು ಬರೀ ತಲೆಬರಹ.

(ಪರದೆಯಲ್ಲಿ: ದುಡ್ಡು)

ಈ ಥರದ ಪ್ರಶ್ನೆಗೆ ಐರ್ಲೆಂಡ್ ಸರ್ಕಾರವೇ ಸ್ಕಾಲರ್‌ಶಿಪ್ ಕೊಡುತ್ತದೆ. ನಡೆಸುವುದು ರಿಸರ್ಚ್ ಐರ್ಲೆಂಡ್, 2024ರಲ್ಲಿ ಎರಡು ಹಳೆಯ ಸಂಸ್ಥೆಗಳು ಸೇರಿ ಆದದ್ದು. ಯುರೋಪಿನ ಹೊರಗಿನವರೂ ಅರ್ಜಿ ಹಾಕಬಹುದು. 2025ರ ಲೆಕ್ಕದಲ್ಲಿ ಜೀವನಕ್ಕೆ ವರ್ಷಕ್ಕೆ 25,000 ಯೂರೊ, ಜೊತೆಗೆ ಶುಲ್ಕಕ್ಕೆ 5,750 ಯೂರೊವರೆಗೆ, ಸಂಶೋಧನೆ ಖರ್ಚಿಗೆ 3,250 ಯೂರೊವರೆಗೆ. ಪಿಎಚ್‌ಡಿಗೆ ಹೆಚ್ಚೆಂದರೆ 4 ವರ್ಷ. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ.

ರೂಪಾಯಿಗೆ ಗುಣಿಸಿ ಖುಷಿಪಡಬೇಡಿ. ತಿಂಗಳಿಗೆ ಬರುವುದು 2,000 ಯೂರೊ ಚಿಲ್ಲರೆ, ಡಬ್ಲಿನ್ ಬಾಡಿಗೆ ಅದರಲ್ಲಿ ದೊಡ್ಡ ತುತ್ತು ನುಂಗುತ್ತದೆ. ಇನ್ನೊಂದು ಮಾತು. ನಮ್ಮಂಥವರಿಗೆ ಶುಲ್ಕ 5,750 ದಾಟಬಹುದು. ಮಿಕ್ಕಿದ್ದನ್ನು ವಿಶ್ವವಿದ್ಯಾಲಯ ಬಿಡುತ್ತದೆಯೇ ಎಂದು ಅರ್ಜಿಗೆ ಮೊದಲೇ ಕೇಳಿಬಿಡಿ. ಇದಕ್ಕೆಲ್ಲ ಸಂಕೋಚ ಬೇಡ.

ಗೈಡ್‌ಗೆ ಬರೆಯುವ ಇಮೇಲ್‌ನಲ್ಲಿ "ನನಗೆ ಚಿಕ್ಕಂದಿನಿಂದ ಸಾಹಿತ್ಯದಲ್ಲಿ ಆಸಕ್ತಿ" ಅಂತ ಶುರು ಮಾಡಬೇಡಿ. ಪ್ರಶ್ನೆ ಏನು, ಅದಕ್ಕೆ ಬೇಕಾದ ಕಾಗದಪತ್ರ ಎಲ್ಲಿದೆ, ಇವೆರಡು ಸಾಕು. ಡಬ್ಲಿನ್‌ನ ಕಿಲ್ಡೇರ್ ಬೀದಿಯಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. ಅಬ್ಬಿ ಥಿಯೇಟರ್ ದಾಖಲೆಗಳ ಡಿಜಿಟಲ್ ಪ್ರತಿ ಗಾಲ್ವೇ ವಿಶ್ವವಿದ್ಯಾಲಯದಲ್ಲಿದೆ. ಅಂದಹಾಗೆ, 1913ರಲ್ಲಿ ಅದೇ ಅಬ್ಬಿಯಲ್ಲಿ ಟಾಗೋರರ ಅಂಚೆಮನೆ ನಾಟಕ ಆಡಿದ್ದರು.

(ಪರದೆಯಲ್ಲಿ: ಮಗುವಿನ ಕೈಬರಹದ ಪುಟ)

ನನಗೆ ತುಂಬಾ ಇಷ್ಟವಾದ ದಾಖಲೆ ಬೇರೆ. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳಿಗೆ ಒಂದು ಕೆಲಸ ಕೊಟ್ಟಿತು. ಮಕ್ಕಳೇ, ಮನೆಗೆ ಹೋಗಿ ಹಿರಿಯರನ್ನು ಕೇಳಿ, ಬರೆದುಕೊಂಡು ಬನ್ನಿ. ಊರ ಸಂತೆ, ನಾಟಿ ಮದ್ದು, ಬೆಣ್ಣೆ ಕಡೆಯುವ ಬಗೆ, ಬರಗಾಲದ ನೆನಪು. ಸುಮಾರು 50,000 ಮಕ್ಕಳು ಬರೆದರು. ಒಟ್ಟು 7 ಲಕ್ಷ ಪುಟ ದಾಟಿತು! ಪ್ರಬಂಧ ಬರೆಸುವ ಬದಲು ಅಜ್ಜಿಯ ಬಾಯಿಂದ ಚರಿತ್ರೆ ಬರೆಸಿದ ಮೇಷ್ಟ್ರುಗಳಿಗೆ ಒಂದು ನಮಸ್ಕಾರ.

ಮೂಲ ಪ್ರತಿ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿದೆ. ದೂಖಸ್ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ಓದಬಹುದು. ಇಂಗ್ಲಿಷಿನವು ಬೇಕಾದಷ್ಟಿವೆ. ಐರಿಷ್ ಪುಟಗಳಲ್ಲಿ ಅನೇಕವು ಹಳೆಯ ಗೇಲಿಕ್ ಲಿಪಿಯಲ್ಲಿವೆ, ಅಲ್ಲಿ ಸ್ವಲ್ಪ ತಡಕಾಡಬೇಕು. ಒಂದು ಊರು ಆರಿಸಿಕೊಂಡು ಆ ಊರಿನ ಒಂದೇ ಶಾಲೆಯ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿ. ಒಂದೇ ಕಥೆಯನ್ನು ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಬರೆದದ್ದು ಕಂಡರೆ, ಆ ಪುಟದ ನಂಬರ್ ಗುರುತು ಹಾಕಿಕೊಳ್ಳಿ.