ನೀಲಕಂಠ ಒಂದೇ, ಫೈಲ್ ಎರಡು

ನಮಸ್ಕಾರ. ಸ್ಕ್ರೀನ್ ಮೇಲೆ ನೋಡುತ್ತಿದ್ದೀರಲ್ಲ, ಇದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬಿಡಿಸಿದ್ದು. ಸುಮ್ನೆ ಕೂತಿದ್ದಾಗ ಕಂದು ಬಣ್ಣವೇ ಜಾಸ್ತಿ ಕಾಣುವ ಹಕ್ಕಿ, ರೆಕ್ಕೆ ಬಿಚ್ಚಿದರೆ ಮಾತ್ರ ಆ ನೀಲಿ! ಇದನ್ನು ಇನ್‌ಸ್ಟಾಗ್ರಾಮ್‌ಗೂ ಹಾಕಬೇಕು, ಎ3 ಅಳತೆಯಲ್ಲಿ ಪ್ರಿಂಟೂ ತೆಗೆಸಬೇಕು. ಎರಡಕ್ಕೂ ಒಂದೇ ಫೈಲ್ ಕೊಡಬೇಡಿ ದಯವಿಟ್ಟು, ಅಷ್ಟು ಪ್ರೀತಿಯಿಂದ ಆರಿಸಿದ ಬಣ್ಣಕ್ಕೆ ಅನ್ಯಾಯ ಆಗುತ್ತದೆ.

ಲೇಯರ್‌ಗಳೆಲ್ಲ, ಅಂದರೆ ಒಂದರ ಮೇಲೊಂದು ಬಿಡಿಸಿದ ಪದರಗಳೆಲ್ಲ, ಇರುವ ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ. ಏನೇ ಎಕ್ಸ್‌ಪೋರ್ಟ್ ಮಾಡಿದರೂ ಅದರಿಂದಲೇ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ3 ಹಾಳೆಗೆ 3508 × 4961 ಪಿಕ್ಸೆಲ್ ಬೇಕು. ಅದರ ಮೇಲೆ, ಕಟಿಂಗ್‌ನಲ್ಲಿ ಅಂಚು ಬಿಳಿ ಉಳಿಯದ ಹಾಗೆ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಒಂದೊಂದು ಬದಿಗೂ ಸುಮಾರು 35 ಪಿಕ್ಸೆಲ್ ಜಾಸ್ತಿ.

ವೆಬ್ ಕೆಲಸ ಸುಲಭ. ಅಗಲ 1080 ಪಿಕ್ಸೆಲ್‌ಗೆ ಇಳಿಸಿ, ಕಲರ್ ಪ್ರೊಫೈಲ್ ಎಸ್‌ಆರ್‌ಜಿಬಿ (ಸ್ಕ್ರೀನ್‌ಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಅಳತೆ) ಇಟ್ಟು, ಜೆಪೆಗ್ ಮಾಡಿದರೆ ಆಯಿತು. ಹಿಂದೆ ಏನೂ ಇಲ್ಲದೆ ಹಕ್ಕಿ ಮಾತ್ರ ಬೇಕಿದ್ದರೆ ಪಿಎನ್‌ಜಿ. ವೆಬ್‌ಗೆ 72 ಡಿಪಿಐ, ಅಂದರೆ ಇಂಚಿಗೆ 72 ಚುಕ್ಕೆ, ಇರಲೇಬೇಕು ಅಂತ ಹೇಳುತ್ತಾರಲ್ವಾ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಸ್ಕ್ರೀನ್ ನೋಡುವುದು ಎಷ್ಟು ಪಿಕ್ಸೆಲ್ ಇದೆ ಅನ್ನುವುದನ್ನು ಮಾತ್ರ. ಆದರೆ ಈ ಚಿಕ್ಕ ಫೈಲನ್ನು ಪ್ರಿಂಟ್‌ಗೆ ಕಳಿಸಿದರೆ ಮೂರೂವರೆ ಇಂಚಿನ ಮೇಲೆ ಒಂಚೂರು ಅಗಲಕ್ಕಷ್ಟೇ ಅದು ಚೊಕ್ಕವಾಗಿ ಬರುತ್ತದೆ.

ಇನ್ನು ಪ್ರಿಂಟ್. ಇಲ್ಲಿ ನಿಧಾನವಾಗಿ ನೋಡಿ. ಸ್ಕ್ರೀನ್ ಬಣ್ಣ ತೋರಿಸುವುದು ಬೆಳಕಿನಿಂದ, ಕಾಗದದ ಮೇಲೆ ಇರುವುದು ಶಾಯಿ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಷ್ಟರಲ್ಲೇ ಎಲ್ಲ ಬರಬೇಕು, ಅದಕ್ಕೇ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ, ಮೆಜೆಂಟಾ ಜಾಸ್ತಿಯಾದರೆ ನೇರಳೆ ಕಡೆಗೂ ತಿರುಗುತ್ತದೆ. ಪ್ರಿಂಟ್ ಹಾಕುವವರ ಹತ್ತಿರ ಅವರ ಐಸಿಸಿ ಪ್ರೊಫೈಲ್, ಅಂದರೆ ಅವರ ಮೆಷಿನ್ ಮತ್ತು ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್, ಕೇಳಿ ತೆಗೆದುಕೊಳ್ಳಿ. ಕ್ರಿಟಾದಲ್ಲಿ ಅದನ್ನು ಹಾಕಿ ಕಂಟ್ರೋಲ್ ವೈ ಒತ್ತಿದರೆ ಸಾಫ್ಟ್ ಪ್ರೂಫ್ ಬರುತ್ತದೆ, ಪ್ರಿಂಟ್ ಹೆಚ್ಚುಕಮ್ಮಿ ಹೇಗೆ ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ನೋಡಿ, ರೆಕ್ಕೆ ಮಂಕಾಯಿತು. ಈಗ ಮೂಲ ಫೈಲಿನ ನಕಲೊಂದರಲ್ಲಿ ನೀಲಿಯ ಮೆಜೆಂಟಾ ಕಡಿಮೆ ಮಾಡಿ, ಪಕ್ಕದ ಕಂದನ್ನು ಇನ್ನೂ ಸ್ವಲ್ಪ ಗಾಢ ಮಾಡುತ್ತೇನೆ, ಆಗ ಅದೇ ನೀಲಿ ಎದ್ದು ಕಾಣುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟದ ಭಾಗ ಇದೇ.

ಪ್ರಿಂಟ್ ಹಾಕುವವರು ಸಿಎಂವೈಕೆ (ಆ ನಾಲ್ಕು ಶಾಯಿಗಳ ಲೆಕ್ಕದಲ್ಲಿರುವ ಬಣ್ಣ) ಬೇಕು ಅಂದರೆ ಟಿಫ್ ಫೈಲ್ ಕೊಡಿ, ಪಿಎನ್‌ಜಿಯಲ್ಲಿ ಸಿಎಂವೈಕೆ ಇರುವುದಿಲ್ಲ. ಕೆಲವು ಕಡೆ ಎಸ್‌ಆರ್‌ಜಿಬಿಯನ್ನೇ ಕೇಳುತ್ತಾರೆ, ಮೊದಲೇ ವಿಚಾರಿಸಿ. ಚಿತ್ರದಲ್ಲಿ ಕನ್ನಡ ಅಕ್ಷರ ಇದ್ದರೆ ಲೇಯರ್ ಫೈಲ್ ಕೊಡಲೇಬೇಡಿ, ಆ ಫಾಂಟ್ ಅವರ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರಬಹುದು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಎ3 ಹಾಕಿಸುವ ಮುಂಚೆ, ರೆಕ್ಕೆಯ ಭಾಗವನ್ನಷ್ಟೇ ಅದೇ ಪೇಪರ್ ಮೇಲೆ ಸ್ಯಾಂಪಲ್ ತೆಗೆಸಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಿಕೊಳ್ಳಬೇಡಿ, ಹೊರಗೆ ಹಗಲಿನ ಬೆಳಕಿಗೆ ತಂದು ನೋಡಿ, ಆಮೇಲೆ ಪೂರ್ತಿ ಆರ್ಡರ್ ಕೊಡಿ.